ಹಳೆ ಮಿಲ್ಲಿಂಗ್ ಮಷೀನ್ ಮನೆಗೆ ತರುವ ಮುನ್ನ, ತಂದ ಮೇಲೆ

ಗುಜರಿಗೆ ಹೋಗಬೇಕಿದ್ದ, ಲೋಹ ಕೆತ್ತುವ ಮಿಲ್ಲಿಂಗ್ ಮಷೀನೊಂದು ನಮ್ಮ ಮನೆ ಹಿಂದಿನ ಶೆಡ್ಡಿಗೆ ಬಂತು. ಮಾರನೇ ದಿನವೇ ನಾನು ಪೇಂಟ್ ಅಂಗಡಿಗೆ ಹೋದೆ. ಹಸಿರು ಎನಾಮಲ್ ತಂದು ಬಳಿದೆ. ವಾರದೊಳಗೆ ಮಷೀನ್ ಹೊಸದರಂತೆ ಹೊಳೆಯಿತು. ಕೆಲಸಕ್ಕೆ ಕೈಹಾಕಿದಾಗ ನಿಜ ಗೊತ್ತಾಯಿತು. ಟೇಬಲ್ ನಡುವಿನಲ್ಲಿ ಸಡಿಲ, ತುದಿಗಳಲ್ಲಿ ಬಿಗಿ. ಪೂರ್ತಿ ಬಿಚ್ಚಲೇಬೇಕಾಯಿತು. ಸರಿಯಾಗಿ ಒಣಗದ ಬಣ್ಣ ಡೀಸೆಲ್ ತಾಗಿದ ಕಡೆಯೆಲ್ಲ ಎದ್ದು ಬಂತು.

ಅಂದಿನಿಂದ ನನ್ನ ಕ್ರಮ ಒಂದೇ: ಮೊದಲು ಅಳತೆ, ಕೊನೆಗೆ ಬಣ್ಣ. ಈ ಲೇಖನವನ್ನೂ ಅದೇ ಕ್ರಮದಲ್ಲಿ ಬರೆದಿದ್ದೇನೆ.

ಯಾವ ಮಷೀನ್ ತರಬಹುದು?

ಲೇತ್‌ನಲ್ಲಿ ಜಾಬ್, ಅಂದರೆ ಕೆತ್ತಬೇಕಾದ ಲೋಹದ ತುಂಡು, ತಿರುಗುತ್ತದೆ. ಮಿಲ್ಲಿಂಗ್‌ನಲ್ಲಿ ಕಟ್ಟರ್ ತಿರುಗುತ್ತದೆ, ಜಾಬ್ ಟೇಬಲ್ ಮೇಲೆ ಸರಿಯುತ್ತದೆ. ಚಪ್ಪಟೆ ಮುಖ, ಕೀವೇ, ಸ್ಲಾಟ್, ಜಾಬನ್ನು ಸಮ ಭಾಗಗಳಲ್ಲಿ ತಿರುಗಿಸುವ ಇಂಡೆಕ್ಸಿಂಗ್ ಹೆಡ್ ಇದ್ದರೆ ಗೇರ್ ಹಲ್ಲು, ಎಲ್ಲವೂ ಇದರಲ್ಲಿ ಆಗುತ್ತವೆ.

ನಮ್ಮ ಕಡೆ ಹಳೆ ಮಷೀನ್ ಎಂದ ಕೂಡಲೇ ನೆನಪಾಗುವುದು ಎಚ್‌ಎಂಟಿ. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ ಶುರುವಾದ ಕಾರ್ಖಾನೆ ಅದು. ಜಾಲಹಳ್ಳಿಯಲ್ಲಿ ಮೊದಲು ಲೇತ್ ಮಾಡಿದರು, ಆಮೇಲೆ ಮಿಲ್ಲಿಂಗ್ ಮಷೀನ್‌ಗಳೂ ಬಂದವು. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮಷೀನ್ ಬಂದ ಮೇಲೆ ಪೀಣ್ಯದಂಥ ಕಡೆ ಅವು ಒಂದೊಂದಾಗಿ ಮೂಲೆ ಸೇರಿದವು. ಅವುಗಳ ಎರಕ ಇವತ್ತಿಗೂ ಗಟ್ಟಿ. ಆದರೆ ಅಡ್ಡ ಸ್ಪಿಂಡಲ್‌ನ (ಕಟ್ಟರ್ ತಿರುಗಿಸುವ ದಂಡ) ದೊಡ್ಡ ಮಾದರಿಗಳು ಟನ್ನುಗಟ್ಟಲೆ ತೂಗುತ್ತವೆ. ಮನೆಯ ಶೆಡ್ಡಿಗೆ ಅವು ಭಾರ.

ಮನೆಗೆ ಸರಿಹೊಂದುವುದು ಟರೆಟ್ ಮಾದರಿ, ಅಂದರೆ ಬ್ರಿಡ್ಜ್‌ಪೋರ್ಟ್ ತರಹದ್ದು. ಅಮೆರಿಕದ ಕನೆಕ್ಟಿಕಟ್‌ನ ಬ್ರಿಡ್ಜ್‌ಪೋರ್ಟ್ ಊರಿನಲ್ಲಿ ರುಡಾಲ್ಫ್ ಬ್ಯಾನೋ ಮತ್ತು ಮ್ಯಾಗ್ನಸ್ ವಾಲ್‌ಸ್ಟ್ರಾಮ್ 1938ರಲ್ಲಿ ಇದನ್ನು ಹೊರತಂದರು. ಮೋಟಾರ್, ಸ್ಪಿಂಡಲ್ ಇರುವ ಹೆಡ್ ವಾಲುತ್ತದೆ, ಅದನ್ನು ಹೊತ್ತ ರ‍್ಯಾಮ್ ಮುಂದೆ ಹಿಂದೆ ಹೋಗುತ್ತದೆ, ಅವೆರಡನ್ನೂ ಹೊತ್ತ ಟರೆಟ್ ಸುತ್ತಲೂ ತಿರುಗುತ್ತದೆ. ಇಷ್ಟು ಅನುಕೂಲದ ವಿನ್ಯಾಸವನ್ನು ಜಗತ್ತಿನ ಎಷ್ಟೋ ಕಂಪನಿಗಳು ನಕಲು ಮಾಡಿದವು. ತೂಕ ಹತ್ತಿರ ಹತ್ತಿರ 1 ಟನ್. ಬಿಡಿಭಾಗ ಸುಲಭವಾಗಿ ಸಿಗುವುದೂ ಇದಕ್ಕೇ. ಮೊದಲ ಮಷೀನ್ ಇದೇ ಆಗಲಿ ಎಂಬುದು ನನ್ನ ಸಲಹೆ.

ನೋಡಲು ಹೋಗುವಾಗ

ಜೇಬಿನಲ್ಲಿ ದುಡ್ಡಿಗಿಂತ ಮೊದಲು ಸೂಕ್ಷ್ಮ ವ್ಯತ್ಯಾಸವನ್ನು ಮುಳ್ಳಿನಲ್ಲಿ ತೋರಿಸುವ ಒಂದು ಡಯಲ್ ಗೇಜ್, ಮ್ಯಾಗ್ನೆಟಿಕ್ ಸ್ಟ್ಯಾಂಡ್, ಟಾರ್ಚ್ ಮತ್ತು ಹಳೆ ಬಟ್ಟೆ ಇರಲಿ. ಬಣ್ಣ ನೋಡಬೇಡಿ. ಹೊಸ ಬಣ್ಣ ಬಳಿದು ಮಾರಲು ಇಟ್ಟಿದ್ದರೆ ಇನ್ನೂ ಜಾಸ್ತಿ ಹುಷಾರಾಗಿರಿ.

ಮೊದಲು ಟೇಬಲ್ಲನ್ನು ಒಂದು ತುದಿಗೆ ಓಡಿಸಿ, ಅದರ ಕೆಳಗಿನ ಸ್ಲೈಡ್‌ವೇಗಳನ್ನು, ಅಂದರೆ ಟೇಬಲ್ ಜಾರುವ ಹಾದಿಗಳನ್ನು, ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಕಾರ್ಖಾನೆಯಲ್ಲಿ ಕೈಯಿಂದ ಸ್ಕ್ರೇಪ್ ಮಾಡಿದ ಅರ್ಧಚಂದ್ರದಂಥ ಸಣ್ಣ ಸಣ್ಣ ಗುರುತುಗಳು ಹಲವು ಮಷೀನ್‌ಗಳಲ್ಲಿ ಕಾಣುತ್ತವೆ. ಅವು ಎಲ್ಲ ಕಡೆ ಉಳಿದಿದ್ದರೆ ಸವೆತ ಕಡಿಮೆ. ತುದಿಯಲ್ಲಿ ಇದ್ದು ನಡುವೆ ಅಳಿಸಿಹೋಗಿದ್ದರೆ ಅಲ್ಲಿ ಸವೆದಿದೆ ಎಂದೇ ಅರ್ಥ. ಹೆಚ್ಚಿನ ಕೆಲಸ ನಡೆಯುವುದು ನಡುವಿನಲ್ಲೇ ಅಲ್ವಾ? ಆದರೆ ಗುರುತುಗಳನ್ನು ಮತ್ತೆ ಕೆತ್ತಿ ಮಾರುವವರೂ ಇದ್ದಾರೆ. ಹಾಗಾಗಿ ಕಣ್ಣಿನ ಜೊತೆ ಗೇಜೂ ಮಾತಾಡಲಿ.

ಹ್ಯಾಂಡಲ್ಲನ್ನು ಹಿಂದೆ ಮುಂದೆ ತಿರುಗಿಸಿ. ಟೇಬಲ್ ಅಲುಗುವ ಮೊದಲು ಹ್ಯಾಂಡಲ್ ಎಷ್ಟು ಖಾಲಿ ತಿರುಗುತ್ತದೆ ನೋಡಿ. ಇದೇ ಬ್ಯಾಕ್‌ಲ್ಯಾಶ್. ಇದನ್ನು ಮೂರು ಕಡೆ ಅಳೆಯಿರಿ: ಎಡ ತುದಿ, ನಡು, ಬಲ ತುದಿ. ಮೂರೂ ಕಡೆ ಒಂದೇ ಆಗಿದ್ದರೆ ಸವೆದಿರುವುದು ಟೇಬಲ್ ಓಡಿಸುವ ಸ್ಕ್ರೂ ಮೇಲಿನ ನಟ್. ಅದನ್ನು ಬಿಗಿ ಮಾಡಬಹುದು, ಇಲ್ಲವೇ ಗನ್‌ಮೆಟಲ್‌ನಲ್ಲಿ ಹೊಸದು ಮಾಡಿಸಬಹುದು. ನಡುವೆ ಜಾಸ್ತಿ, ತುದಿಯಲ್ಲಿ ಕಡಿಮೆ ಇದ್ದರೆ ಸ್ಕ್ರೂನೇ ಸವೆದಿದೆ. ಆಗ ನಟ್ಟನ್ನು ನಡುವಿಗೆ ಸರಿಯಾಗುವಂತೆ ಬಿಗಿ ಮಾಡಿದರೆ ತುದಿಗಳಲ್ಲಿ ಹಿಡಿದುಕೊಳ್ಳುತ್ತದೆ. ನನ್ನ ಮಷೀನ್ ಮಾಡಿದ್ದೂ ಇದನ್ನೇ.

ಸ್ಪಿಂಡಲ್‌ನ ಟೇಪರ್ (ಕಟ್ಟರ್ ಹಿಡಿಕೆ ಕೂರುವ ಓರೆ ರಂಧ್ರ) ಒರೆಸಿ, ಗೇಜಿನ ಮೊನೆಯನ್ನು ಒಳಗೆ ತಾಗಿಸಿ, ಕೈಯಲ್ಲಿ ಒಂದು ಸುತ್ತು ತಿರುಗಿಸಿ. ಮುಳ್ಳು 0.01 ಮಿ.ಮೀ. ಒಳಗೆ ಆಡಿದರೆ ಸಂತೋಷ. ತುಂಬ ಆಡಿದರೆ ಇನ್ನೊಮ್ಮೆ ಒರೆಸಿ ನೋಡಿ, ಒಂದು ಸಣ್ಣ ಚಿಪ್ (ಲೋಹದ ಚೂರು) ಸಾಕು ತಪ್ಪು ತೋರಿಸಲು. ಆಮೇಲೂ ಹಾಗೇ ಇದ್ದರೆ ಬೇರಿಂಗ್ ಖರ್ಚು ಲೆಕ್ಕಕ್ಕೆ ಸೇರಿಸಿ. ಸ್ಪಿಂಡಲ್‌ನ ಬೇರಿಂಗ್ ಜೋಡಿ ಅಗ್ಗವಲ್ಲ.

ಟೇಬಲ್ ಮೇಲೆ ಡ್ರಿಲ್ ತಾಗಿದ ಗುಂಡಿಗಳಿದ್ದರೆ ಚಿಂತೆ ಬೇಡ. ಎರಕ ಬಿರುಕು ಬಿಟ್ಟಿದ್ದರೆ, ಜಾಬ್ ಬಿಗಿಯುವ ಟಿ-ಸ್ಲಾಟ್ ಮುರಿದಿದ್ದರೆ, ವೆಲ್ಡಿಂಗ್ ಗುರುತು ಕಂಡರೆ ಸುಮ್ನೆ ವಾಪಸ್ ಬನ್ನಿ.

ಸಾಗಿಸುವಾಗ

ಈ ಮಷೀನಿನ ಭಾರವೆಲ್ಲ ಮೇಲ್ಭಾಗದಲ್ಲಿದೆ. ವಾಲಿದರೆ ಯಾರ ಕೈಯಲ್ಲೂ ತಡೆಯಲಾಗದು, ತಡೆಯಲು ಹೋಗಲೂಬಾರದು. ಲೋಡ್ ಮಾಡುವ ಮುನ್ನ ‘ನೀ’ ಎನ್ನುವ, ಟೇಬಲ್ ಹೊತ್ತ ಭಾಗವನ್ನು ಪೂರ್ತಿ ಕೆಳಗಿಳಿಸಿ. ರ‍್ಯಾಮ್ ಹಿಂದಕ್ಕೆ ತಳ್ಳಿ. ಹೆಡ್ಡಿನ ಬೋಲ್ಟ್ ಸಡಿಲಿಸಿ, ಇಬ್ಬರು ಹಿಡಿದುಕೊಂಡು, ಮೋಟಾರ್ ಕೆಳಗೆ ಬರುವಂತೆ ತಲೆಕೆಳಗು ಮಾಡಿ ಮತ್ತೆ ಬಿಗಿ ಮಾಡಿ. ಇಷ್ಟರಿಂದಲೇ ಭಾರದ ಕೇಂದ್ರ ಎಷ್ಟೋ ಕೆಳಗಿಳಿಯುತ್ತದೆ. ಬೆಲ್ಟ್ ಸ್ಲಿಂಗ್ ಹಾಕಿ ಕ್ರೇನಿನಲ್ಲಿ ಎತ್ತಿಸಿ, ಟೇಬಲ್ ಅಥವಾ ಹ್ಯಾಂಡಲ್‌ಗೆ ಹಗ್ಗ ಕಟ್ಟಿ ಎತ್ತಲು ಬಿಡಬೇಡಿ.

ಶೆಡ್ಡಿನೊಳಗೆ ಹಾರೆ ಮತ್ತು ಕಬ್ಬಿಣದ ಪೈಪು ಸಾಕು. ಮೂರು ಪೈಪಿನ ಮೇಲೆ ಮಷೀನ್ ಉರುಳುತ್ತದೆ. ಹಿಂದೆ ಬಿಟ್ಟ ಪೈಪನ್ನು ಮುಂದೆ ಇಡುತ್ತಾ ಹೋಗಬೇಕು. ಬೆರಳು ಪೈಪಿನ ಹತ್ತಿರ ಬೇಡ, ಕಟ್ಟಿಗೆಯಿಂದ ಸರಿಸಿ. ನೆಲಕ್ಕೆ 4ರಿಂದ 6 ಇಂಚಿನ ಕಾಂಕ್ರೀಟ್ ಇರಲಿ.

ಕರೆಂಟಿನ ವಿಷಯ

ಹಳೆ ಮಷೀನ್‌ಗಳ ಮೋಟಾರ್ ಸಾಮಾನ್ಯವಾಗಿ ತ್ರೀ ಫೇಸ್. ಮನೆಯಲ್ಲಿರುವುದು ಹೆಚ್ಚಾಗಿ ಸಿಂಗಲ್ ಫೇಸ್. ಮೋಟಾರ್ ಬದಲಿಸಲು ಆತುರ ಬೇಡ. ವಿಎಫ್‌ಡಿ ಎಂಬ ಡ್ರೈವ್ ಮನೆಯ 230 ವೋಲ್ಟ್ ಸಿಂಗಲ್ ಫೇಸನ್ನು ತಗೊಂಡು 230 ವೋಲ್ಟ್ ತ್ರೀ ಫೇಸ್ ಕೊಡುತ್ತದೆ. ವೇಗವನ್ನೂ ಹೆಚ್ಚು ಕಡಿಮೆ ಮಾಡಬಹುದು.

ಇಲ್ಲಿ ಒಂದು ಗುಟ್ಟಿದೆ. ನಮ್ಮಲ್ಲಿನ ಸಣ್ಣ ಮೋಟಾರ್‌ಗಳನ್ನು ಸಾಮಾನ್ಯವಾಗಿ 415 ವೋಲ್ಟಿಗೆ ಸ್ಟಾರ್ ಜೋಡಣೆಯಲ್ಲಿ ಕಟ್ಟಿರುತ್ತಾರೆ. ಟರ್ಮಿನಲ್ ಪೆಟ್ಟಿಗೆ ಬಿಚ್ಚಿ ನೋಡಿ. ವೈಂಡಿಂಗ್‌ನ ಆರು ತುದಿಗಳೂ ಹೊರಗಿದ್ದರೆ ಡೆಲ್ಟಾಗೆ ಬದಲಿಸಬಹುದು, ಆಗ ಅದೇ ಮೋಟಾರ್ ಸುಮಾರು 240 ವೋಲ್ಟಿಗೆ ಹೊಂದುತ್ತದೆ. ಮೂರೇ ತುದಿ ಇದ್ದರೆ ವೈಂಡಿಂಗ್ ಅಂಗಡಿಯವರು ಒಳಗಿನ ಸ್ಟಾರ್ ಕಟ್ಟನ್ನು ಬಿಡಿಸಿ ಉಳಿದ ಮೂರನ್ನು ಹೊರತೆಗೆದು ಕೊಡುತ್ತಾರೆ. ಡ್ರೈವ್ ಮತ್ತು ಮೋಟಾರ್ ನಡುವೆ ಹಳೆ ಸ್ವಿಚ್ ಉಳಿಸಬೇಡಿ, ಓಡುವಾಗ ಅದನ್ನು ಆಫ್ ಮಾಡಿದರೆ ಡ್ರೈವ್ ಸುಟ್ಟುಹೋಗಬಹುದು. ಅರ್ಥಿಂಗ್ ಮತ್ತು ಮೋಟಾರಿನ ಮೆಗ್ಗರ್ (ಇನ್ಸುಲೇಷನ್) ಪರೀಕ್ಷೆಯನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಬಿಚ್ಚಿ ತೊಳೆಯುವುದು

ಪ್ರತಿ ಭಾಗ ಬಿಚ್ಚುವ ಮುನ್ನ ಫೋಟೊ ತೆಗೆಯಿರಿ. ಒಂದೊಂದು ಜಾಗದ ಬೋಲ್ಟಿಗೂ ಬೇರೆ ಡಬ್ಬಿ, ಡಬ್ಬಿಗೆ ಹೆಸರು. ಟೇಬಲ್ ಎಳೆಯುವಾಗ ಎಂಜಿನ್ ಹಾಯ್ಸ್ಟ್ ಅಥವಾ ಚೈನ್ ಬ್ಲಾಕ್ ಬೇಕೇ ಬೇಕು.

ಹಳೆ ಜಿಡ್ಡಿಗೆ ಡೀಸೆಲ್ ಮತ್ತು ಬ್ರಷ್ ಸಾಕು. ಗಾಳಿ ಆಡುವ ಕಡೆ ಮಾಡಿ, ಹತ್ತಿರ ಬೆಂಕಿ ಬೇಡ. ಕಂಪ್ರೆಸರ್ ಗಾಳಿ ಹೊಡೆಯಬೇಡಿ. ಅದು ಚಿಪ್ಪನ್ನು ಸ್ಲೈಡ್‌ವೇ ಒಳಗೆ ತೂರಿಸುತ್ತದೆ, ಕಣ್ಣಿಗೂ ಹಾರಿಸುತ್ತದೆ. ಸ್ಲೈಡ್‌ವೇ ಮೇಲೆ ಎಮರಿ ಪೇಪರ್ ಉಜ್ಜುವುದಂತೂ ಬೇಡವೇ ಬೇಡ. ಎದ್ದ ಅಂಚುಗಳನ್ನು ನಯವಾದ ಆಯಿಲ್ ಸ್ಟೋನಿನಿಂದ ಸವರಿದರೆ ಸಾಕು. ತುಕ್ಕು ತಿಂದ ಹ್ಯಾಂಡಲ್, ಬ್ರಾಕೆಟ್‌ಗಳನ್ನು ವಾಷಿಂಗ್ ಸೋಡಾ ನೀರಿನಲ್ಲಿ ಮುಳುಗಿಸಿ, ಬ್ಯಾಟರಿ ಚಾರ್ಜರ್ ಜೋಡಿಸಿ ತುಕ್ಕು ಬಿಡಿಸಬಹುದು. ಚಾರ್ಜರ್‌ನ ನೆಗೆಟಿವ್ ನಿಮ್ಮ ಭಾಗಕ್ಕೆ, ಪಾಸಿಟಿವ್ ಒಂದು ಸಾದಾ ಕಬ್ಬಿಣದ ತುಂಡಿಗೆ. ಸ್ಟೇನ್‌ಲೆಸ್ ಸ್ಟೀಲ್ ಬಳಸಬೇಡಿ, ವಿಷಕಾರಿ ಕ್ರೋಮಿಯಂ ನೀರಿಗೆ ಇಳಿಯುತ್ತದೆ. ಇದರಿಂದ ಹೈಡ್ರೋಜನ್ ಏಳುತ್ತದೆ, ಬಯಲಿನಲ್ಲೇ ಮಾಡಿ.

ಎಣ್ಣೆಯ ದಾರಿಗಳಿಗೆ ಜಾಸ್ತಿ ಸಮಯ ಕೊಡಿ. ನನ್ನ ಮಷೀನಿನ ಬದಿಯಲ್ಲಿ ಕೈಯಿಂದ ಎಳೆಯುವ ಎಣ್ಣೆ ಪಂಪ್ ಇದೆ. ಎಷ್ಟು ಎಳೆದರೂ ಟೇಬಲ್ ಕೆಳಗಿನ ಸ್ಯಾಡಲ್‌ನ ಮುಂಭಾಗಕ್ಕೆ ಒಂದು ಹನಿ ಬರಲಿಲ್ಲ. ತಾಮ್ರದ ಸಣ್ಣ ಪೈಪ್ ಬಿಚ್ಚಿ ತಂತಿ ತೂರಿಸಿದೆ. ಹೊರಬಂದದ್ದು ಮೇಣದಂಥ ಕಂದು ಕಡ್ಡಿ. ಯಾರೋ ಎಷ್ಟೋ ವರ್ಷದ ಹಿಂದೆ ಎಣ್ಣೆ ನಿಪ್ಪಲ್‌ಗೆ ಗ್ರೀಸ್ ಗನ್ ಹಿಡಿದಿದ್ದಾರೆ. ಗ್ರೀಸ್ ಒಣಗಿ ದಾರಿ ಮುಚ್ಚಿದೆ, ಸ್ಯಾಡಲ್‌ನ ಆ ಮೂಲೆ ಎಣ್ಣೆಯಿಲ್ಲದೆ ಓಡಿದೆ. ಸವೆತ ಜಾಸ್ತಿ ಇದ್ದದ್ದೂ ಆ ಮೂಲೆಯಲ್ಲೇ. ಸ್ಲೈಡ್‌ವೇಗೆ ಐಎಸ್‌ಒ 68 ದರ್ಜೆಯ ಸ್ಲೈಡ್‌ವೇ ಎಣ್ಣೆ ಹಾಕಿ, ಗ್ರೀಸ್ ಬೇಡ. ಎಣ್ಣೆಯ ಪೈಪುಗಳಲ್ಲಿ ಎಣ್ಣೆಯ ಪ್ರಮಾಣ ನಿಯಂತ್ರಿಸುವ ಸಣ್ಣ ಮೀಟರ್ ಕಟ್ಟಿಕೊಂಡಿದ್ದರೆ ಬದಲಿಸುವುದೇ ಒಳ್ಳೆಯದು.

ಗಿಬ್ ಬಿಗಿ ಮಾಡುವುದು

ಗಿಬ್ ಎಂದರೆ ಸ್ಲೈಡಿನ ಸಂದಿಯಲ್ಲಿ ಕೂರುವ ಓರೆ ಪಟ್ಟಿ. ತೊಳೆದು ಎಣ್ಣೆ ಹಚ್ಚಿ ತೂರಿಸಿ. ಸ್ಕ್ರೂ ಬಿಗಿ ಮಾಡುತ್ತಾ ಟೇಬಲ್ ಆಡಿಸಿ. ಹ್ಯಾಂಡಲ್ ಭಾರವಾಯಿತು ಎನಿಸಿದ ಕೂಡಲೇ ಸ್ವಲ್ಪ ಹಿಂದಕ್ಕೆ ತಿರುಗಿಸಿ. ಇದನ್ನು ಟೇಬಲ್ ತುದಿಯಲ್ಲಿ ಇಟ್ಟು ಮಾಡಿ. ಸವೆದ ನಡುವಿಗೆ ಬಿಗಿ ಮಾಡಿದರೆ ತುದಿಯಲ್ಲಿ ಕಚ್ಚಿಕೊಳ್ಳುತ್ತದೆ.

ಹಾಗಾದರೆ ಸವೆತ? ಪೂರ್ತಿ ಸರಿಮಾಡಲು ಸ್ಲೈಡ್‌ವೇಯನ್ನು ಗ್ರೈಂಡ್ ಮಾಡಿಸಬೇಕು ಅಥವಾ ಸ್ಕ್ರೇಪ್ ಮಾಡಬೇಕು. ಸ್ಕ್ರೇಪಿಂಗ್‌ನಲ್ಲಿ ನೇರವಾದ ಪಟ್ಟಿಗೆ ಪ್ರಶ್ಯನ್ ಬ್ಲೂ ಸವರಿ ಉಜ್ಜುತ್ತಾರೆ. ನೀಲಿ ಹತ್ತಿದ ಎತ್ತರದ ಚುಕ್ಕಿಗಳನ್ನು ಮಾತ್ರ ಕೈಯಿಂದ ಕೆರೆಯುತ್ತಾರೆ. ಮತ್ತೆ ನೀಲಿ, ಮತ್ತೆ ಕೆರೆತ. ವಾರಗಟ್ಟಲೆ ಹಿಡಿಯುವ, ಕಲಿತವರ ಪಕ್ಕ ಕೂತು ಕಲಿಯಬೇಕಾದ ಕೆಲಸ ಇದು. ಮೊದಲ ಮಷೀನಿನ ಮೇಲೆ ಕೈ ಪಳಗಿಸಿಕೊಳ್ಳಲು ಹೋಗಬೇಡಿ. ನಾನು ಸವೆತವನ್ನು ಹಾಗೇ ಬಿಟ್ಟಿದ್ದೇನೆ. ಎಲ್ಲಿ ಎಷ್ಟು ಎಂದು ಅಳೆದು, ಆ ಅಂಕಿಗಳನ್ನು ಗೋಡೆಯ ಮೇಲೆ ಬರೆದಿಟ್ಟಿದ್ದೇನೆ. ಯಾವ ದಿಕ್ಕಿಗೆ ಕಟ್ ಮಾಡುತ್ತೇನೋ ಆ ದಿಕ್ಕಿನಲ್ಲೇ ಹ್ಯಾಂಡಲ್ ತಿರುಗಿಸಿ ಅಳತೆಗೆ ಬರುತ್ತೇನೆ, ಬೇಡದ ಸ್ಲೈಡುಗಳನ್ನು ಲಾಕ್ ಮಾಡುತ್ತೇನೆ. ಮನೆಯ ಕೆಲಸಕ್ಕೆ ಬೇಕಾದ ನಿಖರತೆ ಇಷ್ಟರಲ್ಲಿ ಸಿಗುತ್ತದೆ.

ಹೆಡ್ ನೇರ ಮಾಡಿ, ಮೊದಲ ಕಟ್

ಸ್ಪಿಂಡಲ್‌ಗೆ ಡಯಲ್ ಗೇಜ್ ಕಟ್ಟಿ, ಟೇಬಲ್ ಮೇಲೆ ಸುಮಾರು 200 ಮಿ.ಮೀ. ಅಗಲದ ವೃತ್ತ ತಿರುಗಿಸಿ. ಎಡಕ್ಕೂ ಬಲಕ್ಕೂ ವ್ಯತ್ಯಾಸ 0.02 ಮಿ.ಮೀ. ಒಳಗೆ ಬರುವವರೆಗೆ ಹೆಡ್ ಸರಿಸಿ, ಆಮೇಲೆ ಮುಂದೆ ಹಿಂದೆ. ಬೋಲ್ಟ್ ಬಿಗಿ ಮಾಡಿದಾಗ ಮತ್ತೆ ಅಲುಗುತ್ತದೆ, ಮತ್ತೆ ನೋಡಿ.

ಗ್ಲೌಸ್ ಬೇಡ, ತೋಳು ಮಡಚಿ, ಕನ್ನಡಕ ಹಾಕಿ. ಕಟ್ಟರನ್ನು ಸ್ಪಿಂಡಲ್‌ಗೆ ಹಿಡಿದಿಡುವ ಡ್ರಾಬಾರ್ ಬಿಗಿ ಮಾಡಿದ ಸ್ಪ್ಯಾನರ್ ಅಲ್ಲೇ ಬಿಡಬೇಡಿ. ಒಂದು ಎಂಎಸ್ (ಮೆದು ಉಕ್ಕು) ತುಂಡನ್ನು ವೈಸ್‌ನಲ್ಲಿ ಹಿಡಿದು ತೆಳುವಾಗಿ ಮುಖ ಕಟ್ ಮಾಡಿ. ತಿರುಗಿಸಿ, ಕೆಳಗೆ ಪ್ಯಾರಲಲ್ ಪಟ್ಟಿ ಇಟ್ಟು ಇನ್ನೊಂದು ಮುಖ. ನಾಲ್ಕು ಮೂಲೆಯನ್ನು ಮೈಕ್ರೋಮೀಟರ್‌ನಲ್ಲಿ ಅಳೆಯಿರಿ. ನನ್ನದರಲ್ಲಿ ಮೂರು ಮೂಲೆ ಒಂದೇ ಬಂತು, ನಾಲ್ಕನೆಯದು 0.03 ಮಿ.ಮೀ. ಕಡಿಮೆ. ವೈಸ್ ತಳದಲ್ಲಿ ಒಂದು ಚಿಪ್ ಕೂತಿತ್ತು.

ಈಗ ಬಣ್ಣ

ಹಳೆ ಬಣ್ಣದಲ್ಲಿ ಸೀಸ ಇರಬಹುದು. ಒಣ ಉಜ್ಜಬೇಡಿ. ಪೇಂಟ್ ರಿಮೂವರ್ ಹಚ್ಚಿ ಕೆರೆಯಿರಿ, ಇಲ್ಲವೇ ನೀರು ಹಾಕಿ ಉಜ್ಜಿ, ಮಾಸ್ಕ್ ಧರಿಸಿ. ಪ್ರೈಮರ್, ಅಗತ್ಯವಿದ್ದ ಕಡೆ ಪುಟ್ಟಿ, ಆಮೇಲೆ ಎರಡು ಕೋಟ್ ಎನಾಮಲ್. ಸ್ಲೈಡ್‌ವೇ, ಎಣ್ಣೆ ನಿಪ್ಪಲ್, ಕಂಪನಿಯ ಹೆಸರಿನ ಫಲಕಕ್ಕೆ ಮೊದಲೇ ಗ್ರೀಸ್ ಸವರಿಡಿ. ಬಣ್ಣ ಬಿದ್ದರೂ ಒರೆಸಿದರೆ ಬರುತ್ತದೆ. ಡಯಲ್ಲಿನ ಅಂಕಿಗಳಿಗೆ ಕಪ್ಪು ಬಣ್ಣ ತುಂಬಿ, ಮೇಲ್ಮೈಯನ್ನು ಕಾಗದದಿಂದ ಒಂದೇ ಸಲ ಎಳೆದು ಒರೆಸಿ. ಗೀರಿನೊಳಗೆ ಮಾತ್ರ ಕಪ್ಪು ಉಳಿಯುತ್ತದೆ. ಈ ಬಾರಿ ಪೂರ್ತಿ ಒಣಗಲು ಎರಡು ವಾರ ಬಿಡಿ.