ಕಾರಿನ ಬಾಗಿಲ ಒಳಹೊದಿಕೆ ಸಡಿಲವಾದರೆ

ಬಾಗಿಲು ಹಾಕಿದಾಗ ಒಳಗಿನ ಪ್ಯಾನೆಲ್ ಗಡಗಡ ಎನ್ನುತ್ತಿದೆಯೇ? ಕೈಯಿಡುವ ಜಾಗದ ರೆಕ್ಸಿನ್ ಎದ್ದು ನಿಂತಿದೆಯೇ? ಅಂಟಿನ ಟ್ಯೂಬನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಏಕೆ ಕಿತ್ತಿತು ಎಂದು ನೋಡದೆ ಅಂಟಿಸಿದರೆ ಮುಂದಿನ ಬೇಸಿಗೆಗೆ ಮತ್ತೆ ಅದೇ ಕೆಲಸ. ಸದ್ದು ಬಂದರೆ ಸಾಮಾನ್ಯವಾಗಿ ಪ್ಯಾನೆಲ್ಲನ್ನು ಬಾಗಿಲಿಗೆ ಹಿಡಿದಿಡುವ ಕ್ಲಿಪ್ ಮುರಿದಿರುತ್ತದೆ. ರೆಕ್ಸಿನ್ ಎದ್ದಿದ್ದರೆ ಬಿಸಿಲಿನ ಮೇಲೆ ಅನುಮಾನಪಡಿ. ಪ್ಯಾನೆಲ್ಲಿನ ಕೆಳಭಾಗ ಉಬ್ಬಿ, ಕಾಲಡಿಯ ಮ್ಯಾಟ್ ಒದ್ದೆಯಾಗಿದ್ದರೆ ಒಳಗೆ ನೀರಿದೆ.

ಸ್ಕ್ರೂಗಳು ನೇರವಾಗಿ ಕಣ್ಣಿಗೆ ಬೀಳುವುದಿಲ್ಲ. ಬಾಗಿಲು ತೆರೆಯುವ ಹಿಡಿಯ ಹಿಂದೆ, ಎಳೆಯುವ ಹಿಡಿಯ ತಳದಲ್ಲಿ, ಪುಟ್ಟ ಪ್ಲಾಸ್ಟಿಕ್ ಮುಚ್ಚಳಗಳ ಕೆಳಗೆ ಹುಡುಕಿ. ಕೈಯಿಂದ ಗಾಜು ಏರಿಸುವ ಹಳೆಯ ಕಾರಾದರೆ ಆ ಹಿಡಿಯ ಹಿಂದೆ ಬಟ್ಟೆ ತೂರಿಸಿ ಅತ್ತಿತ್ತ ಜಗ್ಗಿ; ಕುದುರೆ ಲಾಳದ ಆಕಾರದ ಕ್ಲಿಪ್ ಚಿಮ್ಮಿ ಬರುತ್ತದೆ. ಅದು ಸಿಗದಂತೆ ಹಾರುವುದೇ ಹೆಚ್ಚು, ಕೆಳಗೆ ಹಳೆಯ ಬೆಡ್‌ಶೀಟ್ ಹಾಸಿಕೊಳ್ಳಿ. ಪ್ಯಾನೆಲ್ ಎಬ್ಬಿಸಲು ಕಬ್ಬಿಣದ ಸ್ಕ್ರೂಡ್ರೈವರ್ ಬೇಡ, ಬಣ್ಣ ಗೀರುತ್ತದೆ. ಪ್ಲಾಸ್ಟಿಕ್ ಪಟ್ಟಿಯನ್ನು ಕ್ಲಿಪ್ಪಿನ ಪಕ್ಕದಲ್ಲೇ ತೂರಿಸಿ ಒಂದೊಂದಾಗಿ ಬಿಡಿಸಿ, ಕೊನೆಗೆ ಮೇಲಕ್ಕೆತ್ತಿ. ಚಳಿಯ ಬೆಳಿಗ್ಗೆ ಪ್ಲಾಸ್ಟಿಕ್ ಪಟಪಟ ಮುರಿಯುತ್ತದೆ, ಬಿಸಿಲು ಬಿದ್ದ ಮೇಲೆ ಕೈ ಹಾಕಿ. ಪವರ್ ವಿಂಡೋ ಇದ್ದರೆ ಮೊದಲು ಬ್ಯಾಟರಿಯ ಮೈನಸ್ ತಂತಿ ಬಿಚ್ಚಿರಬೇಕು. ಪ್ಯಾನೆಲ್ಲಿಗೆ ಅಂಟಿಕೊಂಡ ತಂತಿಗಳನ್ನು ಜಗ್ಗಬಾರದು.

ಮುರಿದ ಕ್ಲಿಪ್ಪನ್ನು ಅಂಗಡಿಗೆ ಒಯ್ದು, ಅದೇ ಅಳತೆಯದನ್ನು ತನ್ನಿ. ಬೆಂಗಳೂರಿನವರಿಗೆ ವಾಹನ ಬಿಡಿಭಾಗಗಳ ಜೆ.ಸಿ. ರಸ್ತೆ ಇದ್ದೇ ಇದೆ. ಕ್ಲಿಪ್ ಕೂರುವ ಗೂಡೇ ಮುರಿದಿದ್ದರೆ ಅಂಟಿನಿಂದ ಪ್ರಯೋಜನ ಕಡಿಮೆ. ಅನೇಕ ಪ್ಯಾನೆಲ್‌ಗಳ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಅಂಟನ್ನು ಹಿಡಿಯುವುದೇ ಇಲ್ಲ. ಬಿಸಿ ಸೋಲ್ಡರಿಂಗ್ ಐರನ್‌ನಿಂದ ಕರಗಿಸಿ ಬೆಸೆಯಿಸಬೇಕು.

ರೆಕ್ಸಿನ್‌ಗೆ ಬರೋಣ. ಹಿಂದಿನ ಸ್ಪಂಜು ಪುಡಿಯಾಗಿದ್ದರೆ ಬ್ರಷ್‌ನಿಂದ ಪೂರ್ತಿ ಕೆರೆಯಿರಿ. ಪುಡಿಯ ಮೇಲೆ ಬಳಿದ ಅಂಟು ಪುಡಿಯನ್ನೇ ಹಿಡಿಯುತ್ತದೆ. ಚಪ್ಪಲಿ ಕೆಲಸದವರು ಬಳಸುವಂಥ ಹಳದಿ ರಬ್ಬರ್ ಅಂಟಿನಲ್ಲಿ ಬಿಸಿ ತಡೆಯುವ ಬಗೆಯನ್ನು ಕೇಳಿ ಪಡೆಯಿರಿ. ಎರಡೂ ಕಡೆ ತೆಳುವಾಗಿ ಬಳಿದು, ಬೆರಳಿಗೆ ಹತ್ತದಂತಾಗುವವರೆಗೆ, ಅಂದರೆ 10–15 ನಿಮಿಷ, ಕಾಯಿರಿ. ಆಮೇಲೆ ನಡುವಿನಿಂದ ಅಂಚಿಗೆ ಒತ್ತುತ್ತಾ ಹೋಗಿ. ಈ ಕಾಯುವಿಕೆಯನ್ನು ನುಂಗಿದವರ ಕೆಲಸ ವಾರದೊಳಗೆ ಬಾಯ್ಬಿಡುತ್ತದೆ. ಫೆವಿಕ್ವಿಕ್ ಹಾಕಿದರೆ ಸುತ್ತಲೂ ಬಿಳಿ ಕಲೆ ಉಳಿಯುತ್ತದೆ, ಬೇಡ. ಈ ರಬ್ಬರ್ ಅಂಟಿನ ಆವಿ ಕೆಟ್ಟದ್ದು, ಬೇಗ ಹೊತ್ತಿಕೊಳ್ಳುತ್ತದೆ. ಕಾರನ್ನು ಹೊರಗೆ ನಿಲ್ಲಿಸಿ, ಎಲ್ಲ ಬಾಗಿಲು ತೆರೆದೇ ಮಾಡಿ.

ನೀರಿನ ವಿಷಯವನ್ನು ಮೆಕ್ಯಾನಿಕ್‌ಗಳೂ ಎಷ್ಟೋ ಸಲ ಕಡೆಗಣಿಸುತ್ತಾರೆ. ಗಾಜಿನ ಪಕ್ಕದ ರಬ್ಬರ್ ದಾಟಿ ಸ್ವಲ್ಪ ಮಳೆನೀರು ಬಾಗಿಲೊಳಗೆ ಇಳಿದೇ ಇಳಿಯುತ್ತದೆ. ಅದು ಕೆಳಗಿನ ರಂಧ್ರಗಳಿಂದ ಹರಿದುಹೋಗುವಂತೆ ಬಾಗಿಲನ್ನು ಕಟ್ಟಿರುತ್ತಾರೆ. ಕರಾವಳಿ, ಮಲೆನಾಡಿನ ಕಾರುಗಳಲ್ಲಿ ಮಣ್ಣು, ಎಲೆ ಸೇರಿ ಆ ರಂಧ್ರಗಳು ಮುಚ್ಚುತ್ತವೆ. ತೆಳ್ಳನೆಯ ಕಡ್ಡಿಯಿಂದ ಬಿಡಿಸಿ. ಪ್ಯಾನೆಲ್ ಹಿಂದಿನ ಪ್ಲಾಸ್ಟಿಕ್ ಹಾಳೆ ಹರಿದಿದ್ದರೆ ಬ್ಯುಟೈಲ್ ಟೇಪ್‌ನಿಂದ (ನೀರು ತಡೆಯುವ ಜಿಗುಟಾದ ರಬ್ಬರ್ ಟೇಪ್) ಮುಚ್ಚಿ, ಅದರ ಕೆಳಗಿನ ಅಂಚನ್ನು ಬಾಗಿಲ ಒಳಕ್ಕೆ ಸೇರಿಸಿ. ಪ್ಯಾನೆಲ್ ಹಾಕುವ ಮೊದಲು ಗಾಜಿನ ಮೇಲೆ ಒಂದು ಚೊಂಬು ನೀರು ಸುರಿದು, ಅದು ಕೆಳಗಿನಿಂದ ಹೊರಬಿತ್ತೇ, ಹಾಳೆಯ ಈಚೆಗೆ ಬಂತೇ ನೋಡಿ. ಹಿಡಿ, ಲಾಕ್, ಗಾಜು ಸರಿಯಾಗಿ ಕೆಲಸ ಮಾಡುವುದನ್ನೂ ಬಾಗಿಲು ತೆರೆದಿರುವಾಗಲೇ ಪರೀಕ್ಷಿಸಿ.