ನಮ್ಮ ಹೆಸರಿನ ಡಾಟ್ ಕಾಮ್ ಯಾರದೋ ಕೈಯಲ್ಲಿದ್ದಾಗ

ಶಿರಸಿ ಸುತ್ತಮುತ್ತಲಿನ ಸಣ್ಣ ವ್ಯಾಪಾರದವರಿಗೆ ವೆಬ್‌ಸೈಟ್ ಮಾಡಿಕೊಡುವುದು ನನ್ನ ಕೆಲಸ. ಹೋಂಸ್ಟೇಯವರು, ಜೇನು ಮಾರುವವರು, ಅಡಿಕೆ ಹಾಳೆ ತಟ್ಟೆ ಮಾಡುವವರು, ಹೀಗೆ. ಸೈಟ್ ಕಟ್ಟುವುದು ಅಷ್ಟೇನೂ ಕಷ್ಟ ಅಲ್ಲ. ಅದಕ್ಕೆ ಹೆಸರು, ಅಂದರೆ ಡೊಮೇನ್ (ಸೈಟಿನ ವಿಳಾಸ), ಸಿಗುವುದೇ ಕಷ್ಟ.

ಅಪ್ಪೆಮಿಡಿ ಉಪ್ಪಿನಕಾಯಿ ಮಾಡುವ ಅಕ್ಕ ಒಬ್ಬರ ಕಥೆ ಹೇಳುತ್ತೇನೆ. ಅವರ ಬಾಟಲಿಗಳ ಮೇಲೆ ಹಲವು ವರ್ಷಗಳಿಂದ ಒಂದೇ ಹೆಸರು. ಆ ಹೆಸರಿಗೆ ಡಾಟ್ ಕಾಮ್ ಸೇರಿಸಿ ಬ್ರೌಸರ್‌ನಲ್ಲಿ ಹೊಡೆದರೆ ಒಂದು ಬಿಳಿ ಪುಟ ತೆರೆಯಿತು. ಮೇಲೆ ಪಟ್ಟಿಯಲ್ಲಿ 'ಈ ಡೊಮೇನ್ ಮಾರಾಟಕ್ಕಿದೆ', ಕೆಳಗೆ ಸಾಲದ ಜಾಹೀರಾತು, ತೂಕ ಇಳಿಸುವ ಜಾಹೀರಾತು. ಬೆಲೆ 2,488 ಡಾಲರ್, ಅಂದರೆ ಎರಡು ಲಕ್ಷದ ಮೇಲೆ. ಯಾರೂ ಹಿಡಿಯದ ಡಾಟ್ ಕಾಮ್ ಆದರೆ ವರ್ಷಕ್ಕೆ ಸಾವಿರ, ಸಾವಿರದೈನೂರು ರೂಪಾಯಿಗೆ ಸಿಗುತ್ತದೆ. ಅಕ್ಕ ಕೇಳಿದರು, "ನನ್ನ ಹೆಸರನ್ನ ನನಗೇ ಮಾರ್ತಾನಾ ಇವ? ಕೇಸ್ ಹಾಕೂಕೆ ಬರೂದಿಲ್ವಾ ತಮ್ಮಾ?"

ಕೇಸಿನ ಮಾತಿಗೆ ಮೊದಲು ನಾನು ನೋಡುವುದು ತಾರೀಖು. ಡೊಮೇನ್ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ಲುಕಪ್ ಪುಟದಲ್ಲಿ ಡೊಮೇನ್ ಹಾಕಿದರೆ ಯಾವ ರಿಜಿಸ್ಟ್ರಾರ್ (ಡೊಮೇನ್ ನೋಂದಾಯಿಸಿಕೊಡುವ ಕಂಪನಿ), ಯಾವತ್ತು ನೋಂದಣಿ ಆಯಿತು, ಯಾವತ್ತು ಮುಗಿಯುತ್ತದೆ ಅಂತ ತೋರಿಸುತ್ತದೆ. ಮಾಲೀಕರ ಹೆಸರು ಮಾತ್ರ ಹೆಚ್ಚಾಗಿ ಸಿಗುವುದಿಲ್ಲ, 2018ರಲ್ಲಿ ಯುರೋಪಿನ ಖಾಸಗಿತನದ ಕಾನೂನು ಜಾರಿಗೆ ಬಂದ ಮೇಲೆ ಅದನ್ನೆಲ್ಲ ಮುಚ್ಚಿಟ್ಟಿದ್ದಾರೆ. ಈ ಡೊಮೇನ್ ನೋಂದಣಿ ಆಗಿದ್ದು 2011ರಲ್ಲಿ. ಅಕ್ಕ ಆಗಿನ್ನೂ ಉಪ್ಪಿನಕಾಯಿ ಮಾರಲು ಶುರು ಮಾಡಿರಲಿಲ್ಲ. ಕೇಸಿನ ಮಾತು ಅಲ್ಲಿಗೇ ಮುಗಿಯಿತು.

ಯಾಕೆ ಅಂದರೆ, ಡಾಟ್ ಕಾಮ್ ತಕರಾರಿಗೆ 1999ರಿಂದ ಯುಡಿಆರ್‌ಪಿ ಅನ್ನೋ ನಿಯಮ ಇದೆ. ಅದರಲ್ಲಿ ನಾವು ಮೂರು ಸಾಬೀತು ಮಾಡಬೇಕು. ಡೊಮೇನ್ ನಮ್ಮ ಟ್ರೇಡ್‌ಮಾರ್ಕಿನ ಹಾಗೇ ಇದೆ, ಆತನಿಗೆ ಆ ಹೆಸರಿನ ಮೇಲೆ ನ್ಯಾಯವಾದ ಹಕ್ಕಿಲ್ಲ, ಕೆಟ್ಟ ಉದ್ದೇಶದಿಂದಲೇ ನೋಂದಾಯಿಸಿ ಹಾಗೇ ಬಳಸುತ್ತಿದ್ದಾನೆ. ನಮ್ಮ ವ್ಯಾಪಾರ ಹುಟ್ಟುವ ಮೊದಲೇ ತೆಗೆದುಕೊಂಡವನು ನಮ್ಮನ್ನು ನೋಡಿ ತೆಗೆದುಕೊಂಡ ಅಂತ ಹೇಳುವುದು ಹೇಗೆ? ಮೇಲಾಗಿ ಇಂಥ ದೂರು ಕೇಳುವ ವೈಪೋದಲ್ಲಿ (ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ) ಒಬ್ಬ ಪಂಚರ ಮುಂದೆ ದೂರು ಹಾಕಲು 1,500 ಡಾಲರ್ ಶುಲ್ಕ, ಗೆದ್ದರೂ ಡೊಮೇನ್ ಬರುತ್ತದೆ ಅಷ್ಟೇ, ಪರಿಹಾರದ ದುಡ್ಡು ಇಲ್ಲ. ಡಾಟ್ ಇನ್ ಆದರೆ ಅದನ್ನು ನೋಡಿಕೊಳ್ಳುವ ನಿಕ್ಸಿ ಸಂಸ್ಥೆಯ ಐಎನ್‌ಡಿಆರ್‌ಪಿ ಅನ್ನೋ ನಿಯಮ ಇದೆ, ಅಲ್ಲೂ ಹೆಚ್ಚು ಕಡಿಮೆ ಇದೇ ಮೂರು ಪ್ರಶ್ನೆ.

ತಾರೀಖು ನಮ್ಮ ಕಡೆ ಇದ್ದರೆ ಮಾತು ಬೇರೆ. ಇದಕ್ಕೆ ದೊಡ್ಡ ಉದಾಹರಣೆ ನಮ್ಮ ಬೆಂಗಳೂರಿನಲ್ಲೇ ಶುರುವಾದದ್ದು. ಸತ್ಯಂ ಇನ್ಫೋವೇ 1999ರಲ್ಲೇ 'ಸಿಫಿ' ಹೆಸರಿನ ಡೊಮೇನ್‌ಗಳನ್ನು ಪಡೆದಿತ್ತು. ಆಮೇಲೆ ಇನ್ನೊಂದು ಕಂಪನಿ ಒಂದು 'ಎಫ್' ಜಾಸ್ತಿ ಸೇರಿಸಿ ಅದೇ ತರದ ಹೆಸರಿಟ್ಟುಕೊಂಡಿತು. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟ್ ತಡೆ ಕೊಟ್ಟಿತು, ಹೈಕೋರ್ಟ್ ಅದನ್ನು ತೆಗೆಯಿತು, 2004ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಸಿಫಿ ಪರ ನಿಂತಿತು. ಡೊಮೇನ್ ಹೆಸರಿಗೂ ಟ್ರೇಡ್‌ಮಾರ್ಕಿನ ತರದ ರಕ್ಷಣೆ ಇದೆ ಅಂತ ಅಲ್ಲಿ ಗಟ್ಟಿಯಾಯಿತು. ನೋಂದಾಯಿಸದ ಹೆಸರಾದರೂ ಮೊದಲಿಂದ ಬಳಸಿದ್ದಕ್ಕೆ ಬಿಲ್ಲು, ಲೇಬಲ್ಲು, ಜಾಹೀರಾತು ಇದ್ದರೆ ಬೆಲೆ ಇದೆ.

ಸರಿ, ಕೇಳಿಯಾದರೂ ನೋಡೋಣ ಅಂದುಕೊಂಡೆವು. ಆದರೆ ಕೇಳುವ ಮೊದಲು ಬೇರೆ ಹೆಸರು ತೆಗೆದುಕೊಂಡು ಕಿಸೆಯಲ್ಲಿ ಇಟ್ಟುಕೊಂಡೆವು. ಈ ಕ್ರಮ ಹಿಂದುಮುಂದಾಗಬಾರದು. ಡೊಮೇನ್ ಹಿಡಿದಿಟ್ಟು ಮಾರುವ ಈ ಜನ ಹೊಸ ಬಡಾವಣೆಯಲ್ಲಿ ಕಾರ್ನರ್ ಸೈಟ್ ಹಿಡಿದು ಕೂತವರ ಹಾಗೆ, ಸೈಟಿಗೆ ಒಂದೇ ಬೆಲೆ ಅಂತ ಇಡುವುದಿಲ್ಲ, ಬಂದವರ ಮುಖ ನೋಡಿ ಹೇಳುತ್ತಾರೆ. ಹಾಗಾಗಿ ಅಂಗಡಿಯ ಇಮೇಲ್‌ನಿಂದ ಬರೆಯಲಿಲ್ಲ. ಬೇರೆ ಜಿಮೇಲ್‌ನಿಂದ ಎರಡೇ ಸಾಲು: ಈ ಡೊಮೇನ್ ಕೊಡುವುದಾದರೆ ಕೊನೆಯ ಬೆಲೆ ಎಷ್ಟು? ಊರಿಲ್ಲ, ಫೋನ್ ನಂಬರಿಲ್ಲ, ಯಾವ ವ್ಯಾಪಾರಕ್ಕೆ ಅಂತಲೂ ಇಲ್ಲ. ಮರುದಿನವೇ ಬ್ರೋಕರ್ ಉತ್ತರ ಬಂತು. ಇನ್ನೊಬ್ಬರೂ ಕೇಳುತ್ತಿದ್ದಾರಂತೆ (ಈ 'ಇನ್ನೊಬ್ಬರು' ಎಲ್ಲ ಡೊಮೇನಿಗೂ ಇರುತ್ತಾರೆ), ನಿಮಗಾದರೆ 1,500 ಡಾಲರ್‌ಗೆ ಬಿಡುತ್ತೇವೆ ಅಂತ. ನಾನು 200 ಅಂದೆ. ಆಮೇಲೆ ಸದ್ದಿಲ್ಲ. ನಾವೂ ಮತ್ತೆ ಬರೆಯಲಿಲ್ಲ. ವ್ಯವಹಾರ ಕುದುರಿದ್ದರೂ ದುಡ್ಡನ್ನು ನೇರ ಕಳಿಸುತ್ತಿರಲಿಲ್ಲ, ಎಸ್ಕ್ರೋ (ಹಣವನ್ನು ನಡುವೆ ಹಿಡಿದಿಡುವ ಮೂರನೆಯವರು) ಮೂಲಕವೇ, ಡೊಮೇನ್ ನಮ್ಮ ಖಾತೆಗೆ ಬಂದ ಮೇಲಷ್ಟೇ ಅವರಿಗೆ ಹಣ.

ಅವಧಿ ಮುಗಿಯಲಿ, ಆಗ ಹಿಡಿಯೋಣ ಅಂತ ತುಂಬ ಜನ ಕಾಯುತ್ತಾರೆ. ಸುಮ್ನೆ. ಡಾಟ್ ಕಾಮ್ ಅವಧಿ ಮುಗಿದ ದಿನವೇ ಬಿಡುಗಡೆ ಆಗುವುದಿಲ್ಲ. ಮೊದಲು 45 ದಿನದವರೆಗೆ ರಿನ್ಯೂ ಮಾಡುವ ಸಮಯ, ಆಮೇಲೆ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳುವ ಸಮಯ, ಕೊನೆಗೆ 5 ದಿನ ಅಳಿಸುವ ಸಾಲಿನಲ್ಲಿ. ಆ ಸಾಲಿನ ತುದಿಯಲ್ಲಿ ಕಂಪ್ಯೂಟರ್‌ಗಳು ಬಾಯಿ ತೆರೆದುಕೊಂಡು ಕೂತಿರುತ್ತವೆ, ಬಿದ್ದ ಕ್ಷಣ ಹಿಡಿಯುತ್ತವೆ. ಕೈಯಲ್ಲಿ ಮೌಸ್ ಹಿಡಿದು ಕೂತವನಿಗೆ ಸಿಗುವ ಮಾತಿಲ್ಲ.

ಅಕ್ಕನ ಹೆಸರಿನ ಕೊನೆಗೆ ಊರಿನ ಹೆಸರು ಸೇರಿಸಿದೆವು. ಡಾಟ್ ಇನ್, ಡಾಟ್ ಕಾಮ್ ಎರಡೂ ತೆಗೆದುಕೊಂಡೆವು, ಜೊತೆಗೆ ಜನ ಜಾಸ್ತಿ ತಪ್ಪಾಗಿ ಹೊಡೆಯುವ ಒಂದು ಸ್ಪೆಲ್ಲಿಂಗ್. ಅಷ್ಟೇ. ಡಾಟ್ ಆದ ಮೇಲೆ ಬರುವ ಎಲ್ಲ ಬಾಲಂಗೋಚಿಗಳನ್ನೂ ಕೊಳ್ಳಿ ಅಂತ ಮಾರುವವರು ಹೆದರಿಸುತ್ತಾರೆ, ಕೇಳಬೇಡಿ. ಮೊದಲ ವರ್ಷ 99 ರೂಪಾಯಿ ಅಂದಿದ್ದು ಎರಡನೇ ವರ್ಷ ಎಷ್ಟಾಗುತ್ತದೆ ಅಂತ ಅದೇ ಪುಟದ ಸಣ್ಣ ಅಕ್ಷರದಲ್ಲಿ ಇರುತ್ತದೆ. ಕನ್ನಡದಲ್ಲೇ ಬರೆಯುವ ಡಾಟ್ ಭಾರತ ವಿಳಾಸ ಅಕ್ಕನಿಗೆ ಇಷ್ಟ ಆಗಿತ್ತು. ನನಗೂ ಇಷ್ಟ. ಆದರೆ ಕೆಲವು ಆ್ಯಪ್‌ಗಳಲ್ಲಿ ಲಿಂಕ್ ಕಳಿಸಿದರೆ ಅದು 'ಎಕ್ಸ್‌ಎನ್' ಅಂತ ಶುರುವಾಗುವ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತದೆ, ಆರ್ಡರ್ ಕೊಡುವವರು ಮೋಸದ ಲಿಂಕ್ ಅಂದುಕೊಂಡರೆ ಕಷ್ಟ. ಸದ್ಯಕ್ಕೆ ಬಿಟ್ಟೆವು.

ದೂರದ ದೇಶದಲ್ಲಿ ಕೂತವರಿಗಿಂತ ನಮ್ಮ ಕಡೆ ಜಾಸ್ತಿ ಕಾಡುವವರು ಊರಿನವರೇ. ಸಿದ್ದಾಪುರ ಕಡೆಯ ಹೋಂಸ್ಟೇ ಒಂದಕ್ಕೆ ಮೊದಲು ಸೈಟ್ ಮಾಡಿಕೊಟ್ಟ ಹುಡುಗ ಡೊಮೇನನ್ನು ತನ್ನ ಹೆಸರಲ್ಲೇ, ತನ್ನ ಇಮೇಲ್‌ನಲ್ಲೇ ತೆಗೆದಿದ್ದ. ಮನಸ್ತಾಪ ಆದ ಮೇಲೆ ಬಿಟ್ಟುಕೊಡಲು 40,000 ರೂಪಾಯಿ ಕೇಳಿದ. ದುಡ್ಡು ಕೊಟ್ಟವರು ಯಾರೇ ಇರಲಿ, ರಿಜಿಸ್ಟ್ರಾರ್ ಲೆಕ್ಕದಲ್ಲಿ ಖಾತೆ ಯಾರದ್ದೋ ಅವರದ್ದೇ ಡೊಮೇನ್. ಪುಣ್ಯಕ್ಕೆ ಮಾಲೀಕರು ಹಳೆಯ ಬಿಲ್ ಇಟ್ಟಿದ್ದರು. ಅದರಲ್ಲಿ 'ಡೊಮೇನ್ ನೋಂದಣಿ' ಅಂತ ಬೇರೆಯೇ ಸಾಲಿತ್ತು, ಬ್ಯಾಂಕಿನಿಂದ ಹೋದ ಹಣಕ್ಕೂ ಅದಕ್ಕೂ ತಾಳೆ ಆಗುತ್ತಿತ್ತು. ವಕೀಲರಿಂದ ಒಂದು ನೋಟಿಸ್, ಜೊತೆಗೆ ಬಿಲ್ಲಿನ ಪ್ರತಿ. ಹುಡುಗ ವರ್ಗಾವಣೆಯ ಕೋಡ್ ಕಳಿಸಿದ. ಬಂದ ದಿನವೇ ಟ್ರಾನ್ಸ್‌ಫರ್ ಹಾಕಿದೆ.

ಈಗ ನಾನು ಯಾರ ಡೊಮೇನನ್ನೂ ನನ್ನ ಖಾತೆಯಲ್ಲಿ ತೆಗೆಯುವುದಿಲ್ಲ. ಗಿರಾಕಿಯ ಇಮೇಲ್, ಗಿರಾಕಿಯ ಫೋನು, ಅವರ ಎದುರೇ ಕೂತು ಖಾತೆ ತೆರೆಯುವುದು. ಆ ಹೋಂಸ್ಟೇ ಮಾಲೀಕರಿಗೆ ಮನೆಯಲ್ಲಿ ನೆಟ್‌ವರ್ಕ್ ಇಲ್ಲ, ಒಟಿಪಿ ಬರಬೇಕಾದರೆ ತೋಟದ ಮೇಲಿನ ಗುಡ್ಡ ಹತ್ತಬೇಕು. "ನಿಂದೇ ನಂಬರ್ ಕೊಟ್ಬಿಡು ಮಾರಾಯ" ಅಂತ ಪ್ರತಿ ರಿನ್ಯೂವಲ್‌ಗೂ ಹೇಳುತ್ತಾರೆ. ನಾನು ಕೊಡುವುದಿಲ್ಲ.