ನಾಯಿ ಕಚ್ಚಿತೇ? ಸೊನ್ನೆಯಿಂದ 28ನೇ ದಿನದವರೆಗೆ ಹೀಗೆ ಮಾಡಿ

ನಾಯಿ ಕಚ್ಚಿದ ಕೂಡಲೇ ನಮ್ಮಲ್ಲಿ ಮೊದಲು ನಡೆಯುವ ಕೆಲಸ ಅಂದರೆ ಅದು ಯಾರ ಮನೆ ನಾಯಿ ಅಂತ ವಿಚಾರಿಸುವುದು. ಅದು ಆಮೇಲೆ ಆಗಲಿ. ಮೊದಲು ನಲ್ಲಿ ಹತ್ತಿರ ಹೋಗಿ.

ತೊಳೆಯಿರಿ

ಹರಿಯುವ ನೀರು, ಸೋಪು, 15 ನಿಮಿಷ. ಬಟ್ಟೆ ಸೋಪಾದರೂ ಸರಿ. ಗಡಿಯಾರ ನೋಡಿಕೊಂಡೇ ತೊಳೆಯಿರಿ, ಉರಿಯುವ ಗಾಯಕ್ಕೆ ಎರಡು ನಿಮಿಷವೂ ಅರ್ಧ ಗಂಟೆ ಅನ್ನಿಸುತ್ತದೆ. ನಾಯಿಯ ಜೊಲ್ಲಿನಿಂದ ಹರಡುವ ಹುಚ್ಚುನಾಯಿ ರೋಗ, ಅಂದರೆ ರೇಬೀಸಿನ ವೈರಸ್ಸಿಗೆ ಕೊಬ್ಬಿನ ತೆಳು ಹೊದಿಕೆ ಇದೆ. ಪಾತ್ರೆಯ ಜಿಡ್ಡು ಬಿಡಿಸುವ ಸೋಪು ಅದನ್ನೂ ಒಡೆಯುತ್ತದೆ. ಅರಿಶಿನ, ಸುಣ್ಣ, ಮೆಣಸಿನಪುಡಿ, ಕಾಫಿಪುಡಿ ಯಾವುದೂ ಬೇಡ.

ಅವತ್ತೇ ಆಸ್ಪತ್ರೆಗೆ ಹೋಗಿ

ರೋಗದ ಜೊತೆ ಹೋರಾಡುವ ಶಕ್ತಿ ಮೈಯಲ್ಲೇ ಇದೆಯಲ್ಲ, ಇಂಜೆಕ್ಷನ್ ಯಾಕೆ? ಶೀತದ ವೈರಸ್ ಮೂಗಿಗೆ ನುಗ್ಗಿದರೆ ಗಲಾಟೆ ಮಾಡುತ್ತದೆ, ಕಾವಲು ಕಣಗಳು ಎಚ್ಚೆತ್ತು ಬರುತ್ತವೆ. ರೇಬೀಸ್ ಹಾಗಲ್ಲ. ಸದ್ದಿಲ್ಲದೆ ನರದೊಳಗೆ ಸೇರಿಕೊಂಡು ಮಿದುಳಿನ ಕಡೆ ಹತ್ತುತ್ತದೆ. ಕಾವಲಿನವರ ಕಣ್ಣಿಗೇ ಬೀಳುವುದಿಲ್ಲ. ಮಿದುಳು ಮುಟ್ಟಿ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿದವರು ತೀರಾ ಕಡಿಮೆ.

ಆದರೆ ಆ ದಾರಿ ಸವೆಸಲು ಅದಕ್ಕೆ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಬೇಕು. ಮುಖಕ್ಕೋ ತಲೆಗೋ ಕಚ್ಚಿದ್ದರೆ ಇನ್ನೂ ಬೇಗ. ಅಷ್ಟರೊಳಗೆ ಲಸಿಕೆ ಕೆಲಸ ಮಾಡಿದರೆ ಆಯಿತು. 1885ರಲ್ಲಿ ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಶ್ಚರ್, ನಾಯಿ ಕಚ್ಚಿದ್ದ 9 ವರ್ಷದ ಜೋಸೆಫ್ ಮೈಸ್ಟರ್‌ಗೆ ಲಸಿಕೆ ಚುಚ್ಚಿಸಿದಾಗ ಬಾಜಿ ಕಟ್ಟಿದ್ದು ಈ ಗಡುವಿನ ಮೇಲೇ. ಹುಡುಗ ಬದುಕಿದ.

ತೋಳೊಳಗೆ ಏನಾಗುತ್ತದೆ?

ಸರ್ಕಾರಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಎರಡೂ ತೋಳಿಗೆ 0.1 ಮಿ.ಲೀ.ನಂತೆ ಲಸಿಕೆಯನ್ನು ಚರ್ಮದೊಳಗೇ ಕೊಡುತ್ತಾರೆ. ಸೂಜಿ ತೆಗೆದ ಜಾಗದಲ್ಲಿ ಸೊಳ್ಳೆ ಕಚ್ಚಿದಂಥ ಪುಟ್ಟ ಗುಳ್ಳೆ ಏಳುತ್ತದೆ. ಅದರಲ್ಲಿರುವುದು ಸತ್ತ ವೈರಸ್. ಚರ್ಮದ ಕಾವಲು ಕಣಗಳು ಅದರ ಚೂರು ಹಿಡಿದು ಕಂಕುಳಿನ ಗ್ರಂಥಿಗೆ ಒಯ್ಯುತ್ತವೆ. ಅಲ್ಲಿ ಬಿ ಕಣ, ಟಿ ಕಣ ಅನ್ನುವ ಎರಡು ಬಗೆಯ ಬಿಳಿ ರಕ್ತಕಣಗಳಿರುತ್ತವೆ. ಬಿ ಕಣಗಳೇ ಲಕ್ಷಾಂತರ, ಒಂದೊಂದರ ಕೊಂಡಿಯೂ ಬೇರೆ ಬೇರೆ ಆಕಾರದ್ದು. ವೈರಸ್ಸಿಗೆ ಸರಿಹೊಂದುವ ಕೊಂಡಿ ಯಾವುದಕ್ಕಿದೆಯೋ ಅದರ ಬೆನ್ನನ್ನು ಟಿ ಕಣಗಳು ತಟ್ಟುತ್ತವೆ. ಅದು ಎರಡಾಗಿ, ನಾಲ್ಕಾಗಿ, ಸಾವಿರಾರಾಗಿ, ವೈರಸ್ಸಿಗೆ ಅಂಟಿಕೊಂಡು ಅದನ್ನು ತಡೆಯುವ ಪ್ರತಿಕಾಯ ತಯಾರಿಸಲು ಶುರು ಮಾಡುತ್ತದೆ.

ಇಷ್ಟಾಗಲು ಒಂದೆರಡು ವಾರ ಬೇಕು. ಅಲ್ಲಿವರೆಗೆ ಏನು ಗತಿ? ಅದಕ್ಕೇ, ಹಲ್ಲು ನೆಟ್ಟು ರಕ್ತ ಬಂದಿದ್ದರೆ ಇಮ್ಯುನೊಗ್ಲಾಬ್ಯುಲಿನ್ ಅನ್ನುವ ಇನ್ನೊಂದು ಇಂಜೆಕ್ಷನ್ ಇದೆ. ಗಾಯದೊಳಗೆ, ಸುತ್ತಮುತ್ತ ಚುಚ್ಚುತ್ತಾರೆ. ನೋಯುತ್ತದೆ, ಸುಮ್ನೆ ಸುಳ್ಳು ಹೇಳುವುದಿಲ್ಲ. ಇದು ಬೇರೊಬ್ಬರ ಮೈಯಲ್ಲೋ ಕುದುರೆಯ ಮೈಯಲ್ಲೋ ತಯಾರಾದ ಪ್ರತಿಕಾಯ. ಪಕ್ಕದ ಮನೆಯಿಂದ ಕಡ ತಂದ ಅಕ್ಕಿ ಇದ್ದ ಹಾಗೆ. ಇವತ್ತಿಗೆ ಅನ್ನವಾಗುತ್ತದೆ, ಆಮೇಲೆ ಖಾಲಿ. ಲಸಿಕೆ ಅಂದರೆ ಸ್ವಂತ ಗದ್ದೆ, ಪೈರು ಬರಲು ಕಾಯಬೇಕು. ಇಂಥ ಗಾಯಕ್ಕೆ ಎರಡೂ ಬೇಕು.

ದಿನ ತಪ್ಪಿಸಬೇಡಿ

ಲಸಿಕೆಯ ದಿನಗಳು 0, 3, 7, 28. ಸ್ನಾಯುವಿಗೆ ಕೊಡುವ ಕಡೆ 14ನೇ ದಿನವೂ ಇರುತ್ತದೆ. ಮೊದಲ ಡೋಸಿನ ದಿನವೇ ಸೊನ್ನೆ. ಸೋಮವಾರ ಹಾಕಿಸಿದರೆ ಎರಡನೆಯದು ಗುರುವಾರ, ಮೂರನೆಯದು ಮುಂದಿನ ಸೋಮವಾರ.

ಮೂರನೆಯದರ ಹೊತ್ತಿಗೆ ಗಾಯ ಒಣಗುತ್ತಾ ಬಂದಿರುತ್ತದೆ. ‘ಇನ್ನೇನಾಗುತ್ತೆ ಬಿಡಿ’ ಅನ್ನುವವರೇ ಜಾಸ್ತಿ. ಆದರೆ ಗಾಯ ಮಾಯುವುದಕ್ಕೂ ಈ ಲೆಕ್ಕಕ್ಕೂ ಸಂಬಂಧವೇ ಇಲ್ಲ. ಒಂದೊಂದು ಡೋಸಿಗೂ ಪ್ರತಿಕಾಯ ಹೆಚ್ಚುತ್ತದೆ, ವೈರಸ್ ಮೇಲೆ ಅದರ ಹಿಡಿತ ಬಿಗಿಯಾಗುತ್ತದೆ. ಹೊಕ್ಕುಳ ಸುತ್ತ 14 ಇಂಜೆಕ್ಷನ್ ಅಂತ ಇನ್ನೂ ಹೆದರಿಸುವವರಿದ್ದಾರೆ. ಅದು ಕುರಿಯ ಮಿದುಳಿನಿಂದ ಮಾಡುತ್ತಿದ್ದ ಹಳೇ ಲಸಿಕೆಯ ಕಾಲದ ಮಾತು.

ಚೀಟಿ ಎತ್ತಿಡಿ

ಕೋರ್ಸ್ ಮುಗಿದ ಮೇಲೂ ಕೆಲವು ಬಿ ಕಣಗಳು ಈ ವೈರಸ್ಸಿನ ಗುರುತು ಇಟ್ಟುಕೊಂಡು ವರ್ಷಗಟ್ಟಲೆ ಉಳಿಯುತ್ತವೆ. ಮುಂದೆಂದಾದರೂ ಮತ್ತೆ ನಾಯಿ ಕಚ್ಚಿದರೆ 0 ಮತ್ತು 3, ಎರಡೇ ದಿನ ಸಾಕು. ಇಮ್ಯುನೊಗ್ಲಾಬ್ಯುಲಿನ್ನಿನ ನೋವೂ ಇಲ್ಲ. ಆದರೆ ಡಾಕ್ಟರ್ ನಂಬುವುದು ಬರೆದದ್ದನ್ನು. ಲಸಿಕೆ ಹಾಕಿಸಿದ್ದನ್ನು ಬರೆದುಕೊಟ್ಟ ಆಸ್ಪತ್ರೆ ಚೀಟಿಯನ್ನು ರೇಷನ್ ಕಾರ್ಡ್ ಜೊತೆ ಇಟ್ಟುಬಿಡಿ.